ಕೈ ತೊಳ್ಕೊಂಡಿದ್ದಕ್ಕೆ ಯಹೂದಿಗಳು ಪ್ಲೇಗ್‌ನಿಂದ ಉಳ್ಕೊಂಡ್ರಾ?

1347ರಿಂದ 1351ರವರೆಗೆ ಯುರೋಪನ್ನ ಖಾಲಿ ಮಾಡಿದ ಪ್ಲೇಗ್ ಬಗ್ಗೆ ಮಾತು ಬಂದಾಗೆಲ್ಲ ಒಂದು ಕಥೆ ಬಂದೇ ಬರುತ್ತೆ, ಅಲ್ಲಿನ ಯಹೂದಿಗಳು ಊಟಕ್ಕೆ ಮುಂಚೆ ಕೈ ತೊಳೀತಿದ್ರು, ಕ್ಲೀನಾಗಿದ್ರು, ಅದಕ್ಕೆ ಅವ್ರಲ್ಲಿ ಸಾವು ಕಮ್ಮಿ ಆಯ್ತು, ಅದನ್ನ ನೋಡಿ ಮಿಕ್ಕವರಿಗೆ ಇವರೇ ಬಾವಿಗೆ ವಿಷ ಹಾಕಿ ರೋಗ ತಂದ್ರು ಅನ್ನೋ ಡೌಟ್ ಬಂದು ಕೊಂದ್ರು ಅಂತ. ಹೊಗಳಿಕೆ ಥರಾನೇ ಕೇಳ್ಸುತ್ತೆ. ಆದ್ರೆ ನಂಗೆ ಈ ಕಥೆ ಕಂಡ್ರೆ ಆಗಲ್ಲ, ಯಾಕಂದ್ರೆ ಇದು ಕೊಂದವರ ಅನುಮಾನಕ್ಕೆ ಏನೋ ಒಂದು ಕಾರಣ ಇತ್ತು ಅಂತ ಒಪ್ಕೊಂಡ್ಬಿಡುತ್ತೆ.

ಪ್ಲೇಗ್ ತರೋದು ಯೆರ್ಸಿನಿಯಾ ಪೆಸ್ಟಿಸ್ ಅನ್ನೋ ಬ್ಯಾಕ್ಟೀರಿಯಾ. ಲಂಡನ್ನಿನಲ್ಲಿ 1348-49ರ ಪ್ಲೇಗ್ ಸ್ಮಶಾನದ ಹಲ್ಲುಗಳಿಂದ ಇದರ ಡಿಎನ್‌ಎ ತೆಗೆದು 2011ರಲ್ಲಿ ಪೂರ್ತಿ ಓದಿದ್ದಾರೆ. ಇದು ಚಿಗಟದ ಹೊಟ್ಟೆಗೆ ಹೋಗೋ ದಾರೀಲೇ ಅಂಟಂಟಾಗಿ ಕಟ್ಕೊಳ್ಳುತ್ತೆ, ಹೀರಿದ ರಕ್ತ ಒಳಗಿಳಿಯಲ್ಲ, ಹಸಿವು ತಡೀಲಾರದೆ ಚಿಗಟ ಕಂಡಕಂಡಲ್ಲಿ ಕಚ್ತಾ ಹೋಗುತ್ತೆ, ಪ್ರತಿ ಸಲಾನೂ ಆ ರಕ್ತ ಬ್ಯಾಕ್ಟೀರಿಯಾ ಸಮೇತ ಗಾಯದೊಳಕ್ಕೆ ವಾಪಸ್ ಬೀಳುತ್ತೆ. ಶ್ವಾಸಕೋಶಕ್ಕೆ ಹತ್ತಿದ್ರೆ ಕೆಮ್ಮಿದಾಗಲೂ ಹರಡುತ್ತೆ. ಇದ್ರಲ್ಲಿ ಬಾವಿ ಎಲ್ಲಿಂದ ಬಂತು? ಕೈ ತೊಳ್ಕೊಂಡ್ರೆ ಚಿಗಟ ಕಚ್ಚದೆ ಬಿಡುತ್ತಾ?

ಯಹೂದಿಗಳೂ ಸತ್ರು, ಎಲ್ಲರ ಥರಾನೇ ಸತ್ರು. ಆ ಕಾಲದ ಜರ್ಮನ್ ವಿದ್ವಾಂಸ ಮೇಗನ್‌ಬರ್ಗ್‌ನ ಕಾನ್ರಾಡ್ ಬರೆದಿರೋ ಪ್ರಕಾರ ವಿಯೆನ್ನಾದಲ್ಲಿ ಯಹೂದಿಗಳ ಸ್ಮಶಾನ ಸಾಲದೆ ಅದನ್ನ ದೊಡ್ಡದು ಮಾಡ್ಬೇಕಾಯ್ತು. ಸ್ಪೇನಿನ ತೊಲೆದೋದಲ್ಲಿ ಯಹೂದಿಗಳ ಸಮಾಧಿ ಕಲ್ಲುಗಳ ಮೇಲೇನೇ ಪ್ಲೇಗ್‌ನಿಂದ ಸತ್ರು ಅಂತ ಕೆತ್ತಿದ್ದಾರೆ. ಪೋಪ್ ಆರನೇ ಕ್ಲೆಮೆಂಟ್ ಕೂಡ 1348ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆಜ್ಞೆಯಲ್ಲಿ ನೇರವಾಗೇ ಹೇಳಿದ್ದ, ಈ ರೋಗ ಯಹೂದಿಗಳನ್ನೂ ಕೊಲ್ತಿದೆ, ಅವರೇ ಇಲ್ಲದ ಊರುಗಳಲ್ಲೂ ಇದೆ, ಹಾಗಿದ್ಮೇಲೆ ಅವರು ತಂದ್ರು ಅನ್ನೋದು ಹೆಂಗೆ ಅಂತ. ಬ್ಯಾಕ್ಟೀರಿಯಾ ಅನ್ನೋದೇ ಗೊತ್ತಿಲ್ಲದ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದ, ಆದ್ರೆ ಅವನ ಮಾತು ಬಹಳ ಕಡೆ ನಡೀಲಿಲ್ಲ.

ಅದೇ ತಿಂಗಳು ಜಿನೀವಾ ಸರೋವರದ ದಡದ ಶಿಯೋಂ ಕೋಟೆಯಲ್ಲಿ ಕೆಲವು ಯಹೂದಿಗಳಿಗೆ ಚಿತ್ರಹಿಂಸೆ ಕೊಟ್ಟು, ಬಾವಿಗೆ ವಿಷ ಹಾಕಿದ್ವಿ ಅಂತ ಅವ್ರ ಬಾಯಿಂದ ಹೇಳಿಸಿದ್ರು. ಆ ಹೇಳಿಕೆಗಳ ಪ್ರತಿ ಈಗ ಫ್ರಾನ್ಸಿನಲ್ಲಿರೋ ಸ್ಟ್ರಾಸ್‌ಬರ್ಗ್‌ಗೂ ಹೋಯ್ತು. 1349ರ ಜನವರಿಯಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯಹೂದಿಗಳನ್ನ ಮರದ ಮನೆಗೆ ತುಂಬಿ ಸುಟ್ರು. ಸ್ಟ್ರಾಸ್‌ಬರ್ಗ್‌ನಲ್ಲಿ ನಗರದ ಮುಖಂಡರು ಯಹೂದಿಗಳ ರಕ್ಷಣೆಗೆ ನಿಂತಿದ್ರು, ಕುಶಲಕರ್ಮಿಗಳ ಸಂಘದವರು ಅವರನ್ನೇ ಕೆಳಗಿಳಿಸಿ ಹೊಸಬರನ್ನ ಕೂರಿಸಿದ್ರು, ಫೆಬ್ರವರಿ 14ರ ಶನಿವಾರ, ಯಹೂದಿಗಳ ವಾರದ ಪವಿತ್ರ ವಿಶ್ರಾಂತಿ ದಿನವಾದ ಸಬ್ಬತ್ ದಿನಾನೇ, ನೂರಾರು ಜನರನ್ನ ಸುಟ್ಟು ಕೊಂದ್ರು. ಯಹೂದಿಗಳಿಂದ ತಗೊಂಡಿದ್ದ ಸಾಲದ ಪತ್ರ ಎಲ್ಲ ರದ್ದಾಯ್ತು, ಅವರ ಹತ್ರ ಅಡ ಇಟ್ಟಿದ್ದು ಅವರವರಿಗೆ ವಾಪಸ್ ಸಿಕ್ತು, ನಗದನ್ನ ಹಂಚ್ಕೊಂಡ್ರು. ಆಗಿನ್ನೂ ಆ ಊರಿಗೆ ಪ್ಲೇಗ್ ಬಂದೇ ಇರ್ಲಿಲ್ಲ, ಬಂದಿದ್ದು ಬೇಸಿಗೆಗೆ! ಒಂದೂ ಸಾವು ಆಗದಿದ್ದಾಗ ಯಾರಲ್ಲಿ ಕಮ್ಮಿ ಸತ್ರು ಅಂತ ನೋಡಿ ಡೌಟ್ ಪಡೋದು ಎಲ್ಲಿಂದ?

2019ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಆ ಕಾಲದ ಊರುಗಳ ಲೆಕ್ಕ ತೆಗೆದು ನೋಡಿದಾಗ ಪ್ಲೇಗ್‌ಗೆ ಹೆಚ್ಚು ಜನ ಸತ್ತ ಊರುಗಳಲ್ಲಿ ಯಹೂದಿಗಳ ಮೇಲೆ ಹಲ್ಲೆ ಆಗೋ ಸಾಧ್ಯತೆ ಕಮ್ಮಿ ಇತ್ತು ಅಂತ ಕಂಡುಬಂತು.