ಗಾಳಿ ಕಟ್ಟಿದರೆ ಬೆಳಕು ಆರುತ್ತದೆ

ಹೊಳೆಯುವ ಬ್ಯಾಕ್ಟೀರಿಯಾ ಇಟ್ಟುಕೊಂಡು ಕತ್ತಲಕೋಣೆಯ ಕಲಾಕೃತಿ ಮಾಡಹೊರಟವರ ನಕ್ಷೆಯಲ್ಲಿ ಹೆಚ್ಚುಕಡಿಮೆ ಯಾವಾಗಲೂ ಒಂದು ಸಾಲು ಇದ್ದೇ ಇರುತ್ತದೆ: ‘ಗಾಳಿಯಾಡದಂತೆ ಸೀಲ್ ಮಾಡಿದ ಅಕ್ರಿಲಿಕ್ ಪೆಟ್ಟಿಗೆ’. ಗ್ಯಾಲರಿಯವರು ಸುರಕ್ಷತೆಯ ಹೆಸರಿನಲ್ಲಿ ಕೇಳುವುದೂ ಅದನ್ನೇ. ಆ ಪೆಟ್ಟಿಗೆಗೆ ಸಾಕಷ್ಟು ದುಡ್ಡು ಸುರಿದ ಮೇಲೆ, ಉದ್ಘಾಟನೆಯ ಸಂಜೆ ದೀಪ ಆರಿಸಿದರೆ ಒಳಗೂ ಕತ್ತಲೆ. ಆಮೇಲೆ ಬ್ಯಾಕ್ಟೀರಿಯಾ ಕೊಟ್ಟ ಪ್ರಯೋಗಾಲಯದವರ ಮೇಲೆ ದೂರು.

ಬ್ಯಾಕ್ಟೀರಿಯಾದಲ್ಲಿ ದೋಷವಿರಲಿಲ್ಲ. ಅಲಿವಿಬ್ರಿಯೊ ಫಿಶೆರಿ ಆಗಲಿ, ಫೋಟೋಬ್ಯಾಕ್ಟೀರಿಯಂ ಆಗಲಿ, ಬೆಳಕು ಹೊಮ್ಮಿಸುವುದು ಲೂಸಿಫರೇಸ್ ಎಂಬ ಕಿಣ್ವದಿಂದ. ಆ ಕ್ರಿಯೆಗೆ ಆಮ್ಲಜನಕ ಬೇಕೇ ಬೇಕು. ಉಪ್ಪುನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಏಳೆಂಟು ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಕಲ್ಚರ್, ಅಂದರೆ ದ್ರವದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ, ಅದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಫ್ಲಾಸ್ಕನ್ನು ಅಲುಗಾಡಿಸದೆ ಇಟ್ಟು ನೋಡಿ: ಮೊದಲು ತಳ ಕಪ್ಪಾಗುತ್ತದೆ, ಆಮೇಲೆ ನಡುಭಾಗ, ಕೊನೆಗೆ ಗಾಳಿ ತಾಗುವ ಮೇಲ್ಮೈಯಲ್ಲಿ ಒಂದು ತೆಳು ಉಂಗುರ ಮಾತ್ರ ಹೊಳೆಯುತ್ತದೆ. ಅಲುಗಾಡಿಸಿದರೆ ಇಡೀ ದ್ರವ ಮತ್ತೆ ಬೆಳಗುತ್ತದೆ. ಅಂದರೆ ಕೋಶಗಳು ಸತ್ತಿರಲಿಲ್ಲ, ಅವಕ್ಕೆ ಗಾಳಿ ಇರಲಿಲ್ಲ. ಇದು ರೇಡಿಯಂ ಬಣ್ಣದ ಸ್ಟಿಕ್ಕರ್ ಅಲ್ಲ, ಟಾರ್ಚ್ ಹಿಡಿದು ‘ಚಾರ್ಜ್’ ಮಾಡಲು ಬರುವುದಿಲ್ಲ. ಇನ್ನಷ್ಟು ಪೋಷಕಾಂಶ ಸುರಿದರೂ ಉಪಯೋಗವಿಲ್ಲ. ತಿಂದಷ್ಟೂ ಆಮ್ಲಜನಕ ಇನ್ನೂ ಬೇಗ ಖಾಲಿಯಾಗುತ್ತದೆ.

ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗರ್ ತುಂಬಿದ ಪ್ಲೇಟಿಗೂ ಇದೇ ಮಾತು. 90 ಮಿ.ಮೀ. ಪ್ಲೇಟಿನಲ್ಲಿ ಅಗರ್ ತುಂಬಿದ ಮೇಲೆ ಉಳಿಯುವ ಗಾಳಿ 30–40 ಮಿ.ಲೀ., ಅದರಲ್ಲಿ ಐದನೇ ಒಂದು ಪಾಲಷ್ಟೇ ಆಮ್ಲಜನಕ. ಅಂಚಿಗೆ ಸಿಲಿಕೋನ್ ಬಳಿದು, ಅದನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಬೆಳಕು ಉಳಿಯುವುದಿಲ್ಲ.

ಗಾಳಿ ಬಿಟ್ಟರೆ ಬ್ಯಾಕ್ಟೀರಿಯಾ ಹೊರಗೆ ಬರುವುದಿಲ್ಲವೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಬ್ಯಾಕ್ಟೀರಿಯಾವನ್ನು ತಡೆಯಲು ಗಾಳಿಯನ್ನೇ ತಡೆಯಬೇಕಿಲ್ಲ. 0.2 ಮೈಕ್ರಾನ್ ರಂಧ್ರದ ಫಿಲ್ಟರ್ ಗಾಳಿಯನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಹಿಡಿದಿಡುತ್ತದೆ. ಪ್ರಯೋಗಾಲಯಗಳಲ್ಲಿ ದಿನನಿತ್ಯ ನಡೆಯುವ ಕೆಲಸ ಇದು.

ದ್ರವದ ಕೃತಿಯಾದರೆ 2 ಲೀಟರ್ ಕೋನಿಕಲ್ ಫ್ಲಾಸ್ಕಿಗೆ 500 ಮಿ.ಲೀ.ಗಿಂತ ಹೆಚ್ಚು ಕಲ್ಚರ್ ಹಾಕಬೇಡಿ. ಎರಡು ನಳಿಕೆಯ ಬಿರಡೆ ಬೇಕು. ಒಂದು ನಳಿಕೆ ತಳದವರೆಗೆ ಇಳಿದು, ಹೊರಗೆ ಫಿಲ್ಟರ್ ಮೂಲಕ ಅಕ್ವೇರಿಯಂ ಪಂಪಿಗೆ ಸೇರಲಿ. ಇನ್ನೊಂದು ಮೊದಲು ಒಂದು ಖಾಲಿ ಬಾಟಲಿಗೆ, ಅಲ್ಲಿಂದ ಎರಡನೇ ಫಿಲ್ಟರಿಗೆ ಹೋಗಲಿ. ಈ ಖಾಲಿ ಬಾಟಲಿಯನ್ನು ಅನಗತ್ಯವೆಂದು ತೆಗೆದುಹಾಕುವವರೇ ಹೆಚ್ಚು. ಪ್ರೋಟೀನಿನ ಅಂಶವಿರುವ ಪೋಷಕ ದ್ರವಕ್ಕೆ ಗಾಳಿ ಊದಿದರೆ ನೊರೆ ಬರುತ್ತದೆ. ನೊರೆ ನೇರವಾಗಿ ಫಿಲ್ಟರಿಗೆ ಹೋದರೆ ಅದು ಒದ್ದೆಯಾಗಿ ಕಟ್ಟಿಕೊಳ್ಳುತ್ತದೆ, ಒತ್ತಡ ಏರಿ ಬಿರಡೆ ಹಾರುತ್ತದೆ. ಎಲ್ಲರೂ ಹೆದರಿದ್ದ ಸೋರಿಕೆ ಆಗುವುದು ಹೀಗೆ. ಫಿಲ್ಟರ್ ನೀರು ಹೀರದ ಪಿಟಿಎಫ್‌ಇ ಪೊರೆಯದ್ದಾಗಿರಲಿ. ನೊರೆ ತಡೆಯುವ ಸಿಲಿಕೋನ್ ದ್ರವ ಒಂದೆರಡು ಹನಿ ಸಾಕು. ಅರ್ಧ ಲೀಟರ್ ಕಲ್ಚರಿಗೆ ನಿಮಿಷಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರ್ ಗಾಳಿ ಸರಿಹೋಗುತ್ತದೆ. ಅಕ್ವೇರಿಯಂ ಪಂಪ್ ಅದಕ್ಕಿಂತ ಜೋರಾಗಿ ಊದುತ್ತದೆ, ಹಾಗಾಗಿ ನಡುವೆ ಒಂದು ವಾಲ್ವ್ ಹಾಕಿ.

ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ ಸರಳ: ಲೀಟರಿಗೆ ಟ್ರಿಪ್ಟೋನ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 5 ಗ್ರಾಂ, ಉಪ್ಪು 20 ಗ್ರಾಂ, ಪಿಎಚ್ 7.5ಕ್ಕೆ ತಂದ ಟ್ರಿಸ್ ಬಫರ್ 50 ಮಿಲಿಮೋಲಾರ್, ಬೇಕಿದ್ದರೆ ಗ್ಲಿಸರಾಲ್ 3 ಮಿ.ಲೀ. ಪ್ಲೇಟಿಗೆ ಇದಕ್ಕೇ 15 ಗ್ರಾಂ ಅಗರ್. ಕಾಲೇಜಿನ ಕಪಾಟಿನಲ್ಲಿರುವ ನ್ಯೂಟ್ರಿಯೆಂಟ್ ಅಗರ್‌ನಲ್ಲಿ ಉಪ್ಪು ಬಹಳ ಕಡಿಮೆ. ಇವು ಸಮುದ್ರದ ಜೀವಿಗಳು, ಅದರಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಬಫರ್ ಬಿಟ್ಟರೆ ಆಮ್ಲ ಹೆಚ್ಚಿ ಬೆಳಕು ಕುಗ್ಗುತ್ತದೆ. ಉಷ್ಣತೆ 18ರಿಂದ 22 ಡಿಗ್ರಿ. 30 ದಾಟಿದರೆ ಕೋಶ ಬೆಳೆದರೂ ಹೊಳಪು ಹೋಗುತ್ತದೆ. ಗ್ಯಾಲರಿಯವರು ರಾತ್ರಿ ಏಸಿ ಆಫ್ ಮಾಡುತ್ತಾರೆಯೇ ಎಂದು ಮೊದಲೇ ಕೇಳಿ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಒಂದು ರಾತ್ರಿ ಏಸಿ ನಿಂತರೂ ಮರುದಿನದ ಪ್ರದರ್ಶನ ಕೆಡಬಹುದು.

ಬ್ಯಾಕ್ಟೀರಿಯಾದಿಂದ ಚಿತ್ರ ಬರೆದ ಪ್ಲೇಟ್ ಒಂದು ದಿನದಲ್ಲಿ ಚೆನ್ನಾಗಿ ಬೆಳಗುತ್ತದೆ, ಎರಡನೇ ದಿನದ ಕೊನೆಗೆ ಇಳಿಮುಖ. ಹತ್ತು ದಿನದ ಪ್ರದರ್ಶನಕ್ಕೆ 40 ಪ್ಲೇಟಿನ ಗೋಡೆ ಎಂದರೆ, ಎರಡು ದಿನಕ್ಕೊಮ್ಮೆ ಬದಲಿಸಿದರೂ 200 ಪ್ಲೇಟ್, ತಲಾ 30 ಮಿ.ಲೀ. ಲೆಕ್ಕದಲ್ಲಿ 6 ಲೀಟರ್ ಅಗರ್. ಅಂಚಿಗೆ ಗಾಳಿಯಾಡುವ ಮೈಕ್ರೋಪೋರ್ ಟೇಪ್ ಸುತ್ತಿ. ಪ್ರೇಕ್ಷಕರ ಕೈಗೆ ಸಿಗದಂತೆ ಮುಂದೆ ಅಕ್ರಿಲಿಕ್ ಹಾಳೆ ಇರಲಿ, ಹಿಂಬದಿಯಲ್ಲಿ ಫಿಲ್ಟರ್ ಪೊರೆಯ ಕಿಂಡಿ ಇರಲಿ. ಪ್ರತಿ ಸಲವೂ ಗ್ಲಿಸರಾಲ್ ಬೆರೆಸಿ ಫ್ರೀಜರಿನಲ್ಲಿ ಕಾಪಿಟ್ಟ ಮೂಲ ಸ್ಟಾಕಿನಿಂದಲೇ ಶುರುಮಾಡಿ. ಹಳೆಯ ಪ್ಲೇಟಿನಿಂದ ಹೊಸದಕ್ಕೆ ದಾಟಿಸುತ್ತಾ ಹೋದರೆ ಮಂಕು ತಳಿಗಳು ಮೇಲುಗೈ ಸಾಧಿಸುತ್ತವೆ.

ಇಷ್ಟೆಲ್ಲ ಸರಿಮಾಡಿದರೂ ಪ್ರೇಕ್ಷಕರಿಂದ ‘ಫೋಟೋದಲ್ಲಿ ನೀಲಿ ಇತ್ತು, ಇಲ್ಲಿ ಬೂದಿ ಬಣ್ಣ’ ಎಂಬ ದೂರು ಬರುತ್ತದೆ. ಅವರು ಹೇಳುವುದು ನಿಜ. ಫೋಟೋ ತೆಗೆದದ್ದು ಬಹುಶಃ 30 ಸೆಕೆಂಡ್ ಎಕ್ಸ್‌ಪೋಶರಿನಲ್ಲಿ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಳಸುವ ರಾಡ್ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಆದರೆ ಈ ಬೆಳಕು ಸುಮಾರು 490 ನ್ಯಾನೋಮೀಟರಿನದು, ರಾಡ್ ಕೋಶಗಳು ಅತಿ ಚುರುಕಾಗಿರುವ 500ರ ಆಸುಪಾಸು. ಹಾಗಾಗಿ ಕಣ್ಣು ಕತ್ತಲಿಗೆ ಒಗ್ಗಿದರೆ ಚೆನ್ನಾಗಿ ಕಾಣುತ್ತದೆ. ಕನಿಷ್ಠ ಹತ್ತು ನಿಮಿಷ ಬೇಕು, ಪೂರ್ತಿ ಒಗ್ಗಲು ಅರ್ಧ ಗಂಟೆ. ಪ್ರವೇಶದಲ್ಲಿ ಎರಡು ಪದರ ಕಪ್ಪು ಪರದೆಯ ಓಣಿ ಮಾಡಿ, ದಾರಿಗೆ ಕಡುಗೆಂಪು ದೀಪ ಹಾಕಿ, ಮೊಬೈಲುಗಳನ್ನು ಬಾಗಿಲಲ್ಲೇ ತೆಗೆದಿಡಿಸಿ. ಒಬ್ಬರು ಪರದೆ ಬೆಳಗಿಸಿದರೂ ಸುತ್ತಲಿನವರೆಲ್ಲ ಮತ್ತೆ ಕಾಯಬೇಕು.

ಮಂಗಳೂರಿನ ಬಂದರಿನಿಂದ ತಾಜಾ ಬೊಂಡಾಸ್ (ಸ್ಕ್ವಿಡ್) ತಂದು, ಉಪ್ಪುನೀರಿನಲ್ಲಿ ತಂಪಾಗಿಟ್ಟು, ಹೊಳೆಯುವ ಚುಕ್ಕೆಗಳನ್ನು ಹೆಕ್ಕಬಹುದು ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಹೆಕ್ಕಬಹುದು, ಆದರೆ ಸಾರ್ವಜನಿಕರ ಮುಂದೆ ಇಡಬೇಡಿ. ಅದೇ ಮೈಮೇಲೆ ಮನುಷ್ಯರಿಗೆ ಕಾಯಿಲೆ ತರುವ ವಿಬ್ರಿಯೊ ಬ್ಯಾಕ್ಟೀರಿಯಾಗಳೂ ಇರಬಹುದು. ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ಗುರುತು ಖಚಿತವಿರುವ ತಳಿಯನ್ನೇ ತರಿಸಿ. ಹೊಳೆಯುವ ಜೀನ್ ಸೇರಿಸಿದ ಇ. ಕೋಲಿಯ ವಿಷಯ ಬೇರೆ. ಅದು ಜೀನ್ ಮಾರ್ಪಡಿಸಿದ ಜೀವಿಗಳ ಕುರಿತ 1989ರ ನಿಯಮಗಳ ಅಡಿಯಲ್ಲಿ ಬರುತ್ತದೆ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯನ್ನು ಕೇಳದೆ ಕೈಹಾಕಬೇಡಿ. ಕಲಾವಿದ ಎಡ್ವಾರ್ಡೊ ಕಾಟ್ಸ್ (Kac) 1999ರಲ್ಲಿ ಆಸ್ಟ್ರಿಯಾದ ಲಿಂಝ್‌ನಲ್ಲಿ ಅಂಥ ಕೃತಿ ಇಟ್ಟಿದ್ದರು ಎಂಬುದು ಇಲ್ಲಿ ಅನುಮತಿಯಾಗುವುದಿಲ್ಲ.

ಎಲ್ಲ ಕೃತಿಗೂ ಜೀವಂತ ಬ್ಯಾಕ್ಟೀರಿಯಾ ಬೇಕೆಂದೂ ಇಲ್ಲ. ಬ್ರಿಟನ್ನಿನ ಕಲಾವಿದೆ ಆನಾ ಡುಮಿಟ್ರಿಯು ಪ್ಲೇಗಿನ ಬಗ್ಗೆ ಮಾಡಿದ ಉಡುಪಿನಲ್ಲಿ ಇರುವುದು ಕೊಂದ ಬ್ಯಾಕ್ಟೀರಿಯಾದಿಂದ ತೆಗೆದ ಡಿಎನ್‌ಎ. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಮೈಕೆಲ್ ಬೇಯ್ಮ್, ರಾಯ್ ಕಿಶೋನಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಚೆಂದದ್ದು. ಸುಮಾರು 60 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ತಟ್ಟೆ, ಅಂಚಿನಿಂದ ನಡುವಿಗೆ ಹೋದಂತೆ ಪಟ್ಟಿಪಟ್ಟಿಯಾಗಿ ಏರುವ ಆಂಟಿಬಯಾಟಿಕ್, ಇ. ಕೋಲಿ ಒಂದೊಂದು ಗಡಿಯಲ್ಲೂ ತಡೆದು ನಿಂತು, ರೂಪಾಂತರಗೊಂಡ ಕವಲೊಂದು ಮುಂದಿನ ಪಟ್ಟಿಗೆ ನುಗ್ಗುತ್ತದೆ. ಬಿಳಿ ಬೆಳವಣಿಗೆ ಎದ್ದು ಕಾಣಲೆಂದು ಅಗರ್‌ಗೆ ಕಪ್ಪು ಶಾಯಿ ಬೆರೆಸಿದ್ದರು. ಈ ಯೋಚನೆಗೆ ಪ್ರೇರಣೆ, ಬ್ಯಾಕ್ಟೀರಿಯಾ ಮತ್ತು ಬೂಷ್ಟನ್ನು ಅಕ್ಷರಗಳಾಗಿ ಬೆಳೆಸಿದ್ದ ಒಂದು ಚಲನಚಿತ್ರದ ಜಾಹೀರಾತು ಫಲಕ. ಔಷಧ ನಿರೋಧಕ ಬ್ಯಾಕ್ಟೀರಿಯಾ ತುಂಬಿದ ಅಂಥ ತಟ್ಟೆಯನ್ನು ಜನರ ಮುಂದೆ ಇಡುವುದು ಸಲ್ಲ. ಹತ್ತು ಹನ್ನೆರಡು ದಿನದ ಬೆಳವಣಿಗೆಯನ್ನು ಕೆಲವು ನಿಮಿಷಕ್ಕೆ ಇಳಿಸಿದ ವಿಡಿಯೊವನ್ನು ನೆಲದ ತುಂಬ ಬೀರಿದರೆ ಸಾಕು, ನೋಡುವವರು ಅದರ ಮೇಲೆಯೇ ನಡೆಯಬಹುದು.

ಪ್ರದರ್ಶನ ಮುಗಿದ ರಾತ್ರಿ ಗ್ಯಾಲರಿಯ ಸಿಂಕಿಗೆ ಏನನ್ನೂ ಸುರಿಯಬೇಡಿ. ಪ್ಲೇಟುಗಳನ್ನು ಆಟೋಕ್ಲೇವ್ ಚೀಲದಲ್ಲಿ ಹಾಕಿ, ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಒಯ್ದು 121 ಡಿಗ್ರಿಯ ಒತ್ತಡದ ಆವಿಯಲ್ಲಿ ಆಟೋಕ್ಲೇವ್ ಮಾಡಿ. 15 ನಿಮಿಷ ಸಣ್ಣ ಟ್ಯೂಬುಗಳ ಲೆಕ್ಕ. ತುಂಬಿದ ಚೀಲಕ್ಕೂ ಲೀಟರುಗಟ್ಟಲೆ ದ್ರವಕ್ಕೂ 40 ನಿಮಿಷವಾದರೂ ಕೊಡಿ, ಚೀಲದ ಬಾಯಿ ಬಿಗಿಯಾಗಿ ಕಟ್ಟಬೇಡಿ. ಬಿಗಿದು ಕಟ್ಟಿದರೆ ಆವಿ ಒಳಗೆ ಇಳಿಯುವುದಿಲ್ಲ, ನಡುವಿನ ಪ್ಲೇಟುಗಳು ಬದುಕಿಯೇ ಉಳಿಯುತ್ತವೆ.