ಕಾಂಗಾ ಕಲಿಸಲು ಒಂದು ಊಟದ ತಟ್ಟೆ

"ಅವರಿಗೆ ತಾಳ ರಕ್ತದಲ್ಲೇ ಇದೆ ಬಿಡಿ." ಕ್ಯೂಬಾದ ಡ್ರಮ್ ಕೇಳಿಸಿದಾಗೆಲ್ಲ ಯಾರಾದರೊಬ್ಬರು ಹೀಗೆ ಅಂದೇ ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ರಕ್ತದಲ್ಲಿ ಕಬ್ಬಿಣ ಇರುತ್ತದೆ, ಸಕ್ಕರೆ ಇರುತ್ತದೆ. ತಾಳ ಎಲ್ಲಿಂದ ಬರಬೇಕು? ಅಲ್ಲಿ ಬಾತಾ ಎಂಬ ಮೂರು ಡ್ರಮ್‌ಗಳ ಮೇಳವಿದೆ. ಆಫ್ರಿಕಾದ ಯೊರುಬಾ ಜನರ ಜೊತೆ ಬಂದದ್ದು. ಕಲಿಯುವವನಿಗೆ ಮೊದಲು ಸಿಗುವುದು ಎಲ್ಲಕ್ಕಿಂತ ಚಿಕ್ಕದಾದ ಒಕೊಂಕೊಲೊ. ಅದು ಕೈಗೆ ಕೂತ ಮೇಲೆ ಇತೊತೆಲೆ. ದೊಡ್ಡದಾದ ಇಯಾ ಒಲಿಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ರಕ್ತದಲ್ಲೇ ಇದ್ದಿದ್ದರೆ ಇಷ್ಟು ಪಾಡು ಯಾಕೆ?

ಈಗ ಅಕ್ಕನ ಮಗಳಿಗೋಸ್ಕರ ಕಾಂಗಾ, ಅಂದರೆ ಕೈಯಲ್ಲಿ ಬಾರಿಸುವ ಕ್ಯೂಬಾದ ಎತ್ತರದ ಡ್ರಮ್, ಅದರ ಪಾಠದ ಹಾಳೆ ಬರೆಯುತ್ತಾ ಕೂತಿದ್ದೇನೆ. ನಾನು ಕಲಿಯುವಾಗ ದುಡ್ಡು ಕೊಟ್ಟು ತಂದ ಪಾಠಗಳಲ್ಲಿ ಪೆಟ್ಟು ತೋರಿಸುವ ಚುಕ್ಕಿಗಳು ಎಡದಿಂದ ಬಲಕ್ಕೆ ಸಾಲಾಗಿ ನಿಂತಿದ್ದವು. ಸಾಲು ಮುಗಿದ ಕೂಡಲೇ ನನ್ನ ಕೈ ಅರೆಕ್ಷಣ ತಡವರಿಸುತ್ತಿತ್ತು. ಕಣ್ಣು ಮತ್ತೆ ಎಡಕ್ಕೆ ಓಡಬೇಕಲ್ವಾ! ಆ ಚಟ ಬಿಡಿಸಿಕೊಳ್ಳಲು ಆರು ತಿಂಗಳು ಹಿಡಿಯಿತು.

ತಾಳಕ್ಕೆ ತುದಿ ಎಲ್ಲಿದೆ? ಅದು ಬಳೆ. ಗಾಣದ ಎತ್ತು. ರಿಂಗ್ ರೋಡಿನ ಬಸ್ಸು, ಎಲ್ಲಿ ಹತ್ತಿದರೂ ಸುತ್ತಿ ಅಲ್ಲಿಗೇ ಬರುತ್ತದೆ. ಅದಕ್ಕೇ ನನ್ನ ಮೊದಲ ಪಾಠಕ್ಕೆ ಹಾಳೆಯೇ ಬೇಡ, ಊಟದ ತಟ್ಟೆ ಸಾಕು. ಅಂಚಿನ ಸುತ್ತ ಗಡಿಯಾರದ ಅಂಕಿಗಳ ಹಾಗೆ 16 ಹುಣಸೆ ಬೀಜ ಇಡಿ. 1, 4, 7, 11, 13ನೇ ಬೀಜ ತೆಗೆದು ಆ ಜಾಗಕ್ಕೆ ಒಂದೊಂದು ರೂಪಾಯಿ ನಾಣ್ಯ ಇಡಿ. ಸುತ್ತ ಎಣಿಸುತ್ತಾ ಹೋಗಿ: ಬೀಜಕ್ಕೆ ಸುಮ್ಮನಿರಿ, ನಾಣ್ಯಕ್ಕೆ ಒಂದು ಪೆಟ್ಟು. ಇದೇ ಸೋನ್ ಎಂಬ ಕ್ಯೂಬಾ ಸಂಗೀತದ ತಾಳ, ಸೋನ್ ಕ್ಲಾವೆ. ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಉಳಿದರ್ಧದಲ್ಲಿ ಎರಡು.

ಕ್ಲಾವೆ ಅಂದರೆ ಈ ತಾಳವೂ ಹೌದು, ಅದನ್ನು ಬಾರಿಸುವ ಎರಡು ಗಟ್ಟಿ ಮರದ ಕೋಲುಗಳೂ ಹೌದು. ಹವಾನಾ ಒಂದು ಕಾಲಕ್ಕೆ ಸ್ಪೇನಿನ ಹಡಗು ಕಟ್ಟುವ ಊರು. 1769ರಲ್ಲಿ ನೀರಿಗಿಳಿದ ದೈತ್ಯ ಯುದ್ಧನೌಕೆ 'ಸಾಂತೀಸಿಮಾ ತ್ರಿನಿದಾದ್' ಅಲ್ಲಿಯದೇ. ಹಲಗೆ ಜೋಡಿಸುವ ಮರದ ಗೂಟಗಳೇ ಈ ಕೋಲುಗಳ ಮೂಲ ಎಂಬುದು ಕ್ಯೂಬಾದ ವಿದ್ವಾಂಸ ಫೆರ್ನಾಂದೊ ಒರ್ತಿಸ್ ಅವರ ವಾದ. ಹಡಗಿಗೂ ಸಂಗೀತಕ್ಕೂ ಒಂದೇ ಗೂಟ! ಇರಲಿ, ತಟ್ಟೆಗೆ ವಾಪಸ್ ಬರೋಣ.

4ನೇ ಜಾಗದಿಂದ 12ನೇ ಜಾಗಕ್ಕೆ ಒಂದು ದಾರ ಎಳೆಯಿರಿ. ದೋಸೆ ಮಡಚಿದ ಹಾಗೆ ಆ ದಾರದ ಮೇಲೆ ತಟ್ಟೆಯನ್ನು ಮನಸ್ಸಿನಲ್ಲೇ ಮಡಚಿ. 1 ಹೋಗಿ 7ರ ಮೇಲೆ ಕೂರುತ್ತದೆ, 11 ಹೋಗಿ 13ರ ಮೇಲೆ. ರಂಗೋಲಿಯ ಎಡ ಬಲ ಇದ್ದ ಹಾಗೆ! ಈಗ 7ರ ನಾಣ್ಯವನ್ನು 8ಕ್ಕೆ ಸರಿಸಿ. ಅದು ಕ್ಯೂಬಾದ್ದೇ ಇನ್ನೊಂದು ಸಂಗೀತವಾದ ರುಂಬಾದ ಕ್ಲಾವೆ. ಇನ್ನು ಎಲ್ಲಿ ಮಡಚಿದರೂ ಎರಡು ಬದಿ ಸರಿಹೊಂದುವುದಿಲ್ಲ. ಬದಲಾದದ್ದು ಒಂದೇ ಒಂದು ನಾಣ್ಯ. ತಾಳಗಳನ್ನು ಹೀಗೆ ಸುತ್ತಿನ ಮೇಲೆ ಬರೆದು ಲೆಕ್ಕ ಹಾಕಿದ ಗಣಕ ವಿಜ್ಞಾನಿ ಗಾಡ್‌ಫ್ರೀಡ್ ಟೂಸೆಂಟ್ 2005ರಲ್ಲಿ ಇನ್ನೊಂದು ಚಂದದ ಸಂಗತಿ ತೋರಿಸಿದರು. 8 ಜಾಗದಲ್ಲಿ 3 ಪೆಟ್ಟನ್ನು ಆದಷ್ಟು ಸಮನಾಗಿ ಹಂಚಲು ಯೂಕ್ಲಿಡ್‌ನ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಲೆಕ್ಕ ಬಳಸಿದರೆ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಬರುವ ಅಂತರ 3, 3, 2. ಅದು ಕ್ಯೂಬಾದ ತ್ರೆಸಿಯೊ ಎಂಬ ತಾಳ, ಅಂದರೆ ನಾಣ್ಯ ಸರಿಸುವ ಮುಂಚಿನ ನಮ್ಮ ತಟ್ಟೆಯ ಮೊದಲರ್ಧ.

ಇಷ್ಟಾದ ಮೇಲೆ ತುಂಬಾವೊ, ಕಾಂಗಾದ ಮೇಲೆ ಮತ್ತೆ ಮತ್ತೆ ಬಾರಿಸುವ ಮೂಲ ಪಟ್ಟು. ಅದರಲ್ಲಿ ಎಂಟು ಪೆಟ್ಟು: ಅಂಗೈ ಬುಡ, ಬೆರಳು, ಚಟ್ ಎನ್ನುವ ಏಟು, ಬೆರಳು, ಬುಡ, ಬೆರಳು, ಕೊನೆಗೆ ತೆರೆದ ಎರಡು 'ದುಂ ದುಂ'. ಎಂಟೇ ಆದ್ದರಿಂದ ಕ್ಲಾವೆ ಒಂದು ಸುತ್ತು ಹಾಕುವಷ್ಟರಲ್ಲಿ ಇದು ಎರಡು ಸಲ ಬರುತ್ತದೆ. ಕೈ ಮಾಡುವ ಕೆಲಸ ಎರಡು ಸಲವೂ ಒಂದೇ. ಆದರೆ ಸೋನ್ ಕ್ಲಾವೆಯ ಜೊತೆ, ಜೋರು ಪೆಟ್ಟುಗಳ ಪೈಕಿ ಮೊದಲ ಸಲ ನಾಣ್ಯಕ್ಕೆ ಸಿಗುವುದು 7ನೇ ಜಾಗದ 'ದುಂ', ಎರಡನೇ ಸಲ 11ರಲ್ಲಿ 'ಚಟ್'. 15, 16ರ 'ದುಂ ದುಂ' ಖಾಲಿ ಬೀಜಗಳ ಮೇಲೆ ಬೀಳುತ್ತದೆ. ಕ್ಲಾವೆ ಕೇಳಿಸಿಕೊಳ್ಳದೆ ಬಾರಿಸಿದರೆ ಯಾವ ಅರ್ಧದಲ್ಲಿದ್ದೇವೆ ಎಂಬುದೇ ತಪ್ಪಿ, ಕ್ಲಾವೆಗೆ ಅಡ್ಡವಾಗಿ ಬಾರಿಸಿಬಿಡುತ್ತೇವೆ. ಕ್ಯೂಬನ್ನರು ಅದಕ್ಕೆ ಕ್ರುಸಾದೊ ಅನ್ನುತ್ತಾರೆ, ಅಡ್ಡ ಬಿದ್ದದ್ದು ಅಂತ.

ನಿನ್ನೆ ಹುಡುಗಿಗೆ ತಟ್ಟೆ ಕೊಟ್ಟು ಬಾಯಲ್ಲಿ ಕ್ಲಾವೆ ಹೇಳು, ಮೇಜಿನ ಮೇಲೆ ತುಂಬಾವೊ ಬಾರಿಸು ಅಂದೆ. ನಾಲ್ಕು ಸುತ್ತು ಸರಿ ಹೋಯಿತು. ಐದನೆಯದರಲ್ಲಿ 'ಚಟ್' ಜಾಸ್ತಿ ಜೋರಾಗಿ ಬಿತ್ತು, ಬೀಜಗಳೆಲ್ಲ ನೆಲದ ಮೇಲೆ. ಮುಂದಿನ ತಟ್ಟೆಗೆ ಅಂಟು ಹಾಕಬೇಕು.