ಮ್ಯಾಂಚೆಸ್ಟರಿನ ಗಿರಣಿಗೆ ಧಾರವಾಡದ ಎರೆಹೊಲ

ಕೈಗಾರಿಕಾ ಯುಗದ ಸಾಮ್ರಾಜ್ಯಶಾಹಿಗೆ ಕಾರಣವೇನು ಎಂದರೆ ಪಠ್ಯಪುಸ್ತಕ ನಾಲ್ಕನ್ನು ಹೇಳುತ್ತದೆ: ಕಚ್ಚಾ ಮಾಲು, ಮಾರುಕಟ್ಟೆ, ಬಂಡವಾಳ, ಪ್ರತಿಷ್ಠೆ. ನಾಲ್ಕೂ ಸರಿಯೇ. ಆದರೆ ‘ಕಚ್ಚಾ ಮಾಲು ಬೇಕಿತ್ತು’ ಎಂದಷ್ಟಕ್ಕೆ ನಿಲ್ಲಿಸಿದರೆ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ. ಹತ್ತಿ ಬೇಕಿದ್ದರೆ ದುಡ್ಡು ಕೊಟ್ಟು ಕೊಳ್ಳಬಹುದಿತ್ತಲ್ಲ, ಆಳುವ ಗೊಡವೆ ಯಾಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಒಂದು ಬೆಳೆಯ ಹಿಂದೆ ಹೊಲದಿಂದ ಗಿರಣಿಯವರೆಗೆ ಹೋಗಬೇಕು. 1840ರಿಂದ ನಾಲ್ಕು ದಶಕ ಧಾರವಾಡ ಸೀಮೆಯ ಹತ್ತಿಗೆ ಆದದ್ದನ್ನು ನೋಡಿದರೆ ಕಾರಣವೂ ಪರಿಣಾಮವೂ ಒಂದೇ ಕಡೆ ಸಿಗುತ್ತವೆ.

ಮೊದಲು ಯಂತ್ರದಿಂದ ಶುರು ಮಾಡೋಣ. ನೂಲುವ ಯಂತ್ರದಲ್ಲಿ ಜೋಡಿ ಜೋಡಿ ರೋಲರುಗಳಿರುತ್ತವೆ. ಹಿಂದಿನ ಜೋಡಿಗಿಂತ ಮುಂದಿನದು ಬೇಗ ತಿರುಗಿ ಅರಳೆಯನ್ನು ಜಗ್ಗಿ ತೆಳ್ಳಗೆ ಮಾಡುತ್ತದೆ. ಎರಡು ಜೋಡಿಗಳ ನಡುವಿನ ಅಂತರ ಎಳೆಯ ಉದ್ದಕ್ಕೆ ತಕ್ಕಂತೆ ಇರಬೇಕು. ಅಂತರ ಹೆಚ್ಚಾದರೆ ಗಿಡ್ಡ ಎಳೆಗಳು ಯಾವ ಜೋಡಿಯ ಹಿಡಿತಕ್ಕೂ ಸಿಗದೆ, ನೂಲು ಒಂದೆಡೆ ಗಂಟು, ಒಂದೆಡೆ ತೆಳ್ಳಗಾಗಿ ಹರಿಯುತ್ತದೆ. ಕಡಿಮೆಯಾದರೆ ಉದ್ದದ ಎಳೆ ಎರಡೂ ಕಡೆ ಸಿಕ್ಕಿಕೊಂಡು ತುಂಡಾಗುತ್ತದೆ. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರಿನ ಯಂತ್ರಗಳನ್ನು ಸುಮಾರು ಒಂದು ಇಂಚಿನ ಅಮೆರಿಕನ್ ಎಳೆಗೆ ಹೊಂದಿಸಲಾಗಿತ್ತು. ನಮ್ಮ ಜವಾರಿ ಹತ್ತಿಯ ಎಳೆ ಮುಕ್ಕಾಲು ಇಂಚಿನ ಆಸುಪಾಸು, ಜೊತೆಗೆ ಎಲೆಪುಡಿ, ಮಣ್ಣು. ಲಿವರ್‌ಪೂಲಿನಲ್ಲಿ ಬಂದಿಳಿಯುತ್ತಿದ್ದ ಭಾರತದ ಹತ್ತಿಗೆಲ್ಲ ‘ಸೂರತ್’ ಎಂಬ ಹೆಸರಿತ್ತು. ಮಾಡಿದ ಕೆಲಸದ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ಗಿರಣಿ ಕಾರ್ಮಿಕರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನೂಲು ಹರಿದಷ್ಟೂ ಅವರ ಸಂಪಾದನೆ ಕರಗುತ್ತಿತ್ತು.

ಗುಟ್ಟು ಇರುವುದು ಇಲ್ಲೇ. ಗಿರಣಿಗೆ ಬೇಕಿದ್ದದ್ದು ಹೆಚ್ಚು ಹತ್ತಿ ಮಾತ್ರವಲ್ಲ, ಬೇರೆ ಹತ್ತಿ. ಬೆಳೆದದ್ದನ್ನು ಕೊಳ್ಳಲು ವ್ಯಾಪಾರ ಸಾಕು. ರೈತ ಏನು ಬಿತ್ತಬೇಕು, ಹೇಗೆ ಕಾಳು ಬಿಡಿಸಬೇಕು, ಯಾವ ಬಂದರಿಗೆ ಒಯ್ಯಬೇಕು ಎಂಬುದನ್ನೆಲ್ಲ ಬದಲಿಸಬೇಕಾದರೆ ನೆಲದ ಮೇಲೆ ಅಧಿಕಾರ ಬೇಕು. 1860ರ ಹೊತ್ತಿಗೆ ಬ್ರಿಟನ್ನಿನ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ಅಮೆರಿಕದ ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಒಂದೇ ಮೂಲವನ್ನು ಹೀಗೆ ನೆಚ್ಚಿಕೊಳ್ಳುವುದು ಅಪಾಯ ಎಂದು ಗಿರಣಿ ಮಾಲೀಕರಿಗೆ ಗೊತ್ತಿತ್ತು. ಅದಕ್ಕೇ 1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹತ್ತಿ ಪೂರೈಕೆ ಸಂಘ ಹುಟ್ಟಿತು.

ಕಂಪನಿ ಸರ್ಕಾರ ಅದಕ್ಕೂ ಮೊದಲೇ, 1840ರಲ್ಲಿ, ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತ್ತು. ಹೆಚ್ಚಿನ ಕಡೆ ಅವರ ಪ್ರಯೋಗ ಬಿದ್ದುಹೋಯಿತು. ಹಿಡಿದದ್ದು ಧಾರವಾಡದಲ್ಲಿ. ಇಲ್ಲಿನ ಎರೆಭೂಮಿ ತೇವ ಹಿಡಿದಿಡುತ್ತದೆ, ಮುಂಗಾರಿನ ಮೇಲೆ ಹಿಂಗಾರಿನ ಮಳೆಯೂ ಸಿಗುತ್ತದೆ, ಬಿಸಿಲು ಬಯಲುಸೀಮೆಯ ಉಳಿದೆಡೆಯಷ್ಟು ಸುಡುವುದಿಲ್ಲ. ಹುಬ್ಬಳ್ಳಿ ಬಳಿಯ ಕುಸುಗಲ್‌ನಲ್ಲಿ ಪ್ರಯೋಗದ ಹೊಲ ಮಾಡಿ ನ್ಯೂ ಆರ್ಲಿಯನ್ಸ್ ಬೀಜ ಹಾಕಿದರು. ಅದರ ಸಂತತಿಯೇ ಮುಂದೆ ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು.

ಬೀಜ ಬಂದರೆ ಸಾಲದು. ಕುಮಟಾ ಬಂದರಿನಿಂದ ಸಾಗುತ್ತಿದ್ದ ಕಾರಣಕ್ಕೆ ‘ಕುಮಟಾ ಹತ್ತಿ’ ಎನಿಸಿಕೊಂಡ ಜವಾರಿ ತಳಿಯ ಕಾಳನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ಕೆಲಸ ನಿಧಾನ, ಆದರೆ ಎಳೆಗೆ ಪೆಟ್ಟಿಲ್ಲ. ಅಮೆರಿಕನ್ ಹತ್ತಿಯ ಕಾಳಿಗೆ ಮೈತುಂಬ ನವಿರು, ಅರಳೆ ಸುಲಭವಾಗಿ ಬಿಡದು. ಅದಕ್ಕೆ ಕಾಳು ಬಿಡಿಸುವ ಯಂತ್ರ, ಗರಗಸದ ಜಿನ್ ಬೇಕು. ಒಂದೇ ಅಚ್ಚಿನ ಮೇಲೆ ಸಾಲಾಗಿ ಕೂಡಿಸಿದ ಗರಗಸದ ಬಿಲ್ಲೆಗಳು ಕಬ್ಬಿಣದ ಕಂಬಿಗಳ ಸಂದಿನಲ್ಲಿ ತಿರುಗುತ್ತವೆ. ಹಲ್ಲು ಅರಳೆಯನ್ನು ಹಿಡಿದು ಆಚೆ ಎಳೆಯುತ್ತದೆ, ಸಂದಿನಲ್ಲಿ ತೂರಲಾರದ ಕಾಳು ಈಚೆಯೇ ಬೀಳುತ್ತದೆ, ಹಿಂದಿನ ಬ್ರಷ್ ಹಲ್ಲಿನ ಅರಳೆಯನ್ನು ಗುಡಿಸುತ್ತದೆ. ಬಿಲ್ಲೆ ಓರೆಯಾಗಿ ಕಂಬಿಗೆ ತಾಗಿದರೆ, ಹಲ್ಲು ಮುರಿದು ಒರಟಾದರೆ, ಒಮ್ಮೆಗೇ ಹೆಚ್ಚು ಹತ್ತಿ ತುಂಬಿದರೆ ಎಳೆ ಕತ್ತರಿಸುತ್ತದೆ, ಕಾಳು ಒಡೆಯುತ್ತದೆ. ಹಸಿ ಹತ್ತಿ ಹಾಕಿದರೆ ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಹಳ್ಳಿಯ ಬಡಗಿ, ಕಮ್ಮಾರರಿಗೆ ಹೊಸದಾದ ಈ ಯಂತ್ರವನ್ನು ಮಾಡಲು, ರಿಪೇರಿ ಮಾಡಲು ಸರ್ಕಾರವೇ ಧಾರವಾಡದಲ್ಲಿ ಕಾರ್ಖಾನೆ ನಡೆಸಬೇಕಾಯಿತು. ಎರಡೂ ತಳಿ ಒಂದೇ ಊರಿನಲ್ಲಿ ಕಾಳು ಬಿಡಿಸಿಕೊಳ್ಳುವಾಗ ಬೀಜ ಕಲಬೆರಕೆಯಾಗುತ್ತಿತ್ತು. ಮರುವರ್ಷ ಹೊಲವೇ ಕಲಬೆರಕೆ. ಗಿಡ್ಡ, ಉದ್ದ ಎಳೆಗಳು ಒತ್ತಿ ಕಟ್ಟಿದ ಒಂದೇ ಮೂಟೆಯಲ್ಲಿ, ಅಂದರೆ ಬೇಲಿನಲ್ಲಿ, ಲ್ಯಾಂಕಾಶೈರಿನ ರೋಲರಿಗೆ ಹೋಗುತ್ತಿದ್ದವು. ಬರೇ ಬೀಜ ಹಂಚಿ ಕೈತೊಳೆದುಕೊಂಡರೆ ಆಗುವುದು ಹೀಗೆಯೇ.

ಸಾಗಾಟದ ಪಾಡು ಬೇರೆ. ಅಂಡಿಗೆಗಳು ಎತ್ತಿನ ಮೇಲೆ, ಬಂಡಿಯಲ್ಲಿ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬಯಿಗೆ, ಅಲ್ಲಿ ಒತ್ತಿ ಬೇಲು ಕಟ್ಟಿ ಹಡಗಿಗೆ. ಮಳೆಗಾಲದಲ್ಲಿ ಕರಾವಳಿಯ ದಾರಿ ಬಂದ್. ಮುಂಬಯಿಯನ್ನು ಬಿಟ್ಟು ನೇರ ಕಾರವಾರದಿಂದಲೇ ಹಡಗಿಗೆ ಹೇರಬೇಕೆಂದು ಗಿರಣಿಯವರು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಆಡಳಿತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವಿತ್ತು. ಕನ್ನಡ ಜಿಲ್ಲೆ ಎರಡಾದದ್ದರ ಕಾರಣ ಹುಡುಕುವವರು ಇದನ್ನು ಮರೆಯಬಾರದು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಬಳಿಯ ಸದಾಶಿವಗಡಕ್ಕೆ ಜನರನ್ನು, ಯಂತ್ರಗಳನ್ನು ಕಳಿಸಿತು. ಬಂದು ನೋಡಿದರೆ ರಸ್ತೆ ಮುಗಿದಿಲ್ಲ, ಧಕ್ಕೆ ಕಟ್ಟಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ಸರ್ಕಾರ ವ್ಯಾಪಾರದಲ್ಲಿ ಕೈಹಾಕಬಾರದು ಎಂದು ಸ್ವದೇಶದಲ್ಲಿ ಸಾರುತ್ತಿದ್ದ ಗಿರಣಿ ಮಾಲೀಕರು ಇಲ್ಲಿ ಮಾತ್ರ ರಸ್ತೆ, ಬಂದರು, ಕಾನೂನು ಎಲ್ಲವನ್ನೂ ಸರ್ಕಾರವೇ ಮಾಡಿಕೊಡಲಿ ಎನ್ನುತ್ತಿದ್ದರು. ನನ್ನ ಮಟ್ಟಿಗೆ ಕೈಗಾರಿಕಾ ಸಾಮ್ರಾಜ್ಯಶಾಹಿಯ ಸ್ವಭಾವವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಂಗತಿ ಇನ್ನೊಂದಿಲ್ಲ. ಆ ರಸ್ತೆಗೂ ಬಂದರಿಗೂ ಹಣ ಬರಬೇಕಿದ್ದದ್ದು ಇಲ್ಲಿನ ಕಂದಾಯದಿಂದ.

1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಲ್ಯಾಂಕಾಶೈರಿನಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಪರಿಹಾರದ ಗಂಜಿಗೆ ನಿಂತರು. 784 ಪೌಂಡಿನ ಖಂಡಿಗೆ ಇಷ್ಟು ಎಂದು ತೂಕದ ಮೇಲೆಯೇ ದುಡ್ಡು ಸಿಗುವಾಗ ನೀರು ಚಿಮುಕಿಸುವುದು, ಕಾಳು, ಮಣ್ಣು ಬೆರೆಸುವುದು ಲಾಭದ ಕಸುಬಾಯಿತು. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆ ಕಾಯ್ದೆ ತಂದಿತು. ಹತ್ತಿ ದುಬಾರಿಯಾದಾಗ ಪೆಟ್ಟು ತಿಂದವರು ಕೈಮಗ್ಗದ ನೇಕಾರರು. ನೂಲಿನ ಬೆಲೆ ಏರಿದಷ್ಟು ಸೀರೆಯ ಬೆಲೆ ಏರಲಿಲ್ಲ. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು. ಮುಂದಿನ ದಿನಕ್ಕೆಂದು ಮೊದಲೇ ಬೆಲೆ ಕುದುರಿಸಿಕೊಂಡ ವಾಯಿದೆ ವ್ಯವಹಾರಗಳ ಗಡುವು ಬಂದ ಜುಲೈ 1ರಂದು ಮುಂಬಯಿಯ ಶೇರು ಪೇಟೆ ಕುಸಿಯಿತು.

ಬೆಲೆ ಇಳಿದರೂ ಅದರ ಮೇಲೆ ಕಟ್ಟಿದ್ದ ಲೆಕ್ಕ ಇಳಿಯಲಿಲ್ಲ. ಸರ್ಕಾರ ರೈತನಿಂದಲೇ ನೇರ ವಸೂಲಿ ಮಾಡುವ ರೈತವಾರಿಯಲ್ಲಿ ಕಂದಾಯ ನಗದಿನಲ್ಲಿ, ಮೂವತ್ತು ವರ್ಷಕ್ಕೊಮ್ಮೆ ನಿಗದಿ. ಧಾರವಾಡದ ಮೊದಲ ನಿಗದಿ 1840ರ ದಶಕದ್ದು. ಪರಿಷ್ಕರಣೆ ಬಂದದ್ದು 1870ರ ದಶಕದಲ್ಲಿ. ನಡುವೆ ಬೆಲೆ ಏರಿದ್ದನ್ನೇ ಕಾರಣ ಮಾಡಿ ದರ ಹೆಚ್ಚಿಸಿದರು. ಕಂತು ಕಟ್ಟಲು ರೊಕ್ಕ ಬೇಕು, ರೊಕ್ಕ ತರುವುದು ಹತ್ತಿ, ಹತ್ತಿಯ ಮೇಲೆ ಮುಂಗಡ ಕೊಟ್ಟ ಸಾಹುಕಾರ ಹೇಳಿದ್ದೇ ಧಾರಣೆ. ಎರೆಹೊಲದಲ್ಲಿ ಹತ್ತಿಯೂ ಜೋಳವೂ ಸರದಿಯ ಬೆಳೆಗಳು. ಹತ್ತಿ ಹೆಚ್ಚಿದರೆ ಜೋಳದ ಹಗೇವು ಬರಿದಾಗುತ್ತದೆ. 1876–78ರಲ್ಲಿ ಮಳೆ ಕೈಕೊಟ್ಟಾಗ ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಎಲ್ಲವೂ ಬರಕ್ಕೆ ಸಿಕ್ಕವು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಕಡಿಮೆಯಾದರು. ಬರವನ್ನು ಹತ್ತಿಯೇ ತಂದಿತು ಎನ್ನುವುದು ತಪ್ಪು. ಕೈಯಲ್ಲಿ ಕಾಳೂ ಕಾಸೂ ಉಳಿಯದಂತೆ ಮಾಡಿದ್ದ ಏರ್ಪಾಡಿನ ಮೇಲೆ ಬರ ಬಿತ್ತು ಎನ್ನುವುದು ಸರಿ.

ಇದೇ ಹತ್ತಿ ಈಜಿಪ್ಟಿಗೂ ಉರುಳಾಯಿತು. ಯುದ್ಧಕಾಲದ ಲಾಭ ನಂಬಿ ಅಲ್ಲಿನ ದೊರೆ ಖೆದಿವ್ ಇಸ್ಮಾಯಿಲ್ ಯುರೋಪಿನಲ್ಲಿ ಸಾಲದ ಮೇಲೆ ಸಾಲ ಮಾಡಿದ. 1876ರಲ್ಲಿ ಸಾಲ ಕೊಟ್ಟವರ ದೇಶಗಳು ಹಣಕಾಸಿನ ಮೇಲೆ ಹಿಡಿತ ಸಾಧಿಸಿದವು, 1882ರಲ್ಲಿ ಬ್ರಿಟಿಷ್ ಸೇನೆ ಬಂತು.

ಭಾರತದಲ್ಲಿ ಮುಂದಿನ ಹೆಜ್ಜೆ ಸುಂಕದ್ದು. ಬರದ ಬೆನ್ನಲ್ಲೇ, 1879ರಲ್ಲಿ, ವೈಸರಾಯ್ ಲಿಟ್ಟನ್ ತನ್ನ ಕೌನ್ಸಿಲಿನ ಹೆಚ್ಚಿನವರು ಬೇಡವೆಂದರೂ ಒರಟು ಬಟ್ಟೆಯ ಆಮದು ಸುಂಕ ತೆಗೆದ. 1882ರಲ್ಲಿ ಉಳಿದದ್ದೂ ಹೋಯಿತು. 1890ರ ದಶಕದಲ್ಲಿ ಖಜಾನೆ ಬರಿದಾಗಿ ಆಮದು ಸುಂಕ ಮತ್ತೆ ಹಾಕಬೇಕಾದಾಗ ಮ್ಯಾಂಚೆಸ್ಟರ್ ಗದ್ದಲವೆಬ್ಬಿಸಿತು. ಅದನ್ನು ತಣಿಸಲು 1896ರಲ್ಲಿ ಭಾರತದ ಗಿರಣಿಗಳ ಬಟ್ಟೆಗೂ ಆಮದಿನಷ್ಟೇ, ಶೇ. 3.5 ತೆರಿಗೆ ಬಿತ್ತು. ಅದು ಪೂರ್ತಿ ಹೋಗಲು 1920ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು.